ಕಪ್ಪತಗುಡ್ಡದ ನೋಟಕ್ಕೆ ಕಾಯಿದೆಯಲ್ಲಿ ಜಾಗವೆಲ್ಲಿ?

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಸಹಲು ಕಾರವಾರಕ್ಕೆ ಹೋಗಿದ್ದಿತು. ಸಮುದ್ರವನ್ನು ಮೊದಲ ಸಲ ಕಾಣುವವರೇ ಹೆಚ್ಚು ಜನ. ಬಸ್ಸು ದಂಡೆಯ ಹತ್ತಿರ ಬಂದು ನಿಂತದ್ದೇ ತಡ, ಚಪ್ಪಲಿಗಳನ್ನು ಅಲ್ಲಲ್ಲೇ ಬಿಟ್ಟು ಓಡಿದರು. ಹೊತ್ತು ಮುಳುಗುವವರೆಗೂ ಯಾರೂ ಹಸಿವೆಯ ಮಾತೆತ್ತಲಿಲ್ಲ. ಮುಂಡರಗಿ ಕಡೆಯ ಒಬ್ಬ ಹುಡುಗ ಮಾತ್ರ ನನ್ನ ಬಳಿಗೆ ಬಂದು, "ಸರ, ದೇವರು ಇವರಿಗೆಲ್ಲಾ ಕೊಟ್ಟು ನಮಗೇನೂ ಕೊಡಲಿಲ್ಲ ನೋಡ್ರಿ. ನಮ್ಮ ಕಡೆ ನೋಡಾಕ ಏನೈತ್ರಿ?" ಎಂದನು. ನಾನು ಆಗ ಉತ್ತರ ಕೊಡಲಿಲ್ಲ.

ಎರಡು ದಿನಗಳ ತರುವಾಯ ಬಸ್ಸು ನಸುಕಿನಲ್ಲಿ ಗದಗನ್ನು ದಾಟಿ, ಮುಂಡರಗಿಯ ಕಡೆಯ ಹುಡುಗರನ್ನು ಇಳಿಸಲೆಂದು ಡಂಬಳದ ಹಾದಿ ಹಿಡಿಯಿತು. ಬಲಕ್ಕೆ ಕಪ್ಪತಗುಡ್ಡ. ಮುಂಗಾರಿನ ಮಳೆ ಆಗಷ್ಟೇ ಬಿದ್ದು ಬೋಳು ಬೆನ್ನುಗಳ ಮೇಲೆ ಹಸಿರು ಹಬ್ಬಿತ್ತು. ಸಾಲಿನ ಮೇಲೆ ಮೋಡ ಕುಳಿತಿತ್ತು. ಕೆಳಗೆ ಹರಗಿದ ಎರೆಹೊಲಗಳು ಕರ್ರಗೆ ಮಲಗಿದ್ದವು. ನಾನು ಹಿಂದಿರುಗಿ ನೋಡಿದೆ. ಬಸ್ಸಿನಲ್ಲಿ ಎಲ್ಲರೂ ನಿದ್ದೆಹೋಗಿದ್ದರು. ಆ ಹುಡುಗನೂ ಕಿಟಕಿಗೆ ತಲೆಯಾನಿಸಿ ಮಲಗಿದ್ದನು. ಅವನ ತಲೆಗೂ ಗುಡ್ಡಕ್ಕೂ ನಡುವೆ ಒಂದು ಗಾಜು ಮಾತ್ರ.

ಈ ಲೇಖನ ಅವನಿಗೆ ಕೊಡದೆ ಉಳಿದ ಉತ್ತರವೆಂದು ವಾಚಕರು ತಿಳಿಯಬಹುದು.

ಕಾರವಾರದ ಚೆಲುವನ್ನು ನಾವು ಸಹಜವಾಗಿಯೇ ಒಪ್ಪುತ್ತೇವೆ. ಅದಕ್ಕೆ ಸಾಕ್ಷಿ ಹೇಳಿದವರು ದೊಡ್ಡವರು. 1882ರ ಸುಮಾರಿಗೆ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿದ್ದರು. 'ಪ್ರಕೃತಿಯ ಪ್ರತಿಶೋಧ'ವೆಂಬ ನಾಟಕ ಅಲ್ಲಿ ಹುಟ್ಟಿತು. ಇಂದು ಆ ದಂಡೆಗೆ ಅವರದೇ ಹೆಸರು. ಆದರೆ ಇಷ್ಟು ದೊಡ್ಡ ಸಾಕ್ಷಿಯಿದ್ದೂ ಆ ದಂಡೆ ಸುರಕ್ಷಿತವಾಗಿದೆಯೆ? ಬಂದರನ್ನು ವಿಸ್ತರಿಸುವದಕ್ಕೆ ಅಲೆತಡೆ ಗೋಡೆ ಕಟ್ಟಲು ಹೊರಟಾಗ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿಯಬೇಕಾಯಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ವಾದಕ್ಕೆ ಬಂದದ್ದು ಮೀನಿನ ಬದುಕು, ದೋಣಿ ಎಳೆಯುವ ಜಾಗ, ಪರವಾನಗಿಯ ಕ್ರಮ. ಇವೆಲ್ಲ ನ್ಯಾಯವಾದ ಮಾತುಗಳೇ. ಆದರೆ "ಇದು ನೋಡಲಿಕ್ಕೆ ಚೆನ್ನಾಗಿದೆ, ಇದನ್ನು ಮುಚ್ಚಬೇಡಿರಿ" ಎಂದು ಹೇಳುವದಕ್ಕೆ ಯಾವ ಕಲಮಿನ ಆಧಾರವಿತ್ತು?

ಒಂದು ಕಾಲಕ್ಕೆ ಅಂಥ ಆಧಾರ ಇದ್ದಿತು. ಭಾರತ ಸರಕಾರವು 1991ರಲ್ಲಿ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ರಕ್ಷಣೆ ಪಡೆಯುವ ಮೊದಲನೆಯ ವರ್ಗದೊಳಗೆ ಕಾಂಡ್ಲಾವನ, ಹವಳದ ದಿಬ್ಬ, ಮೀನು ಮರಿಮಾಡುವ ತಾಣ ಇವುಗಳ ಜೊತೆಗೆ "ಅಸಾಧಾರಣ ನಿಸರ್ಗಸೌಂದರ್ಯದ ಪ್ರದೇಶಗಳು" ಎಂಬರ್ಥದ ಮಾತೊಂದು ಸೇರಿದ್ದಿತು. 2011ರಲ್ಲಿ ಹೊಸ ಅಧಿಸೂಚನೆ ಬಂದಿತು. ಮರಳುದಿಬ್ಬ, ಕೆಸರುಬಯಲು, ಆಮೆ ಮೊಟ್ಟೆಯಿಡುವ ದಂಡೆ, ಕಡಲಹುಲ್ಲು ಎಂದು ಪಟ್ಟಿ ಬೆಳೆಯಿತು, ಶಾಸ್ತ್ರೀಯವಾಯಿತು. ಸೌಂದರ್ಯವೆಂಬ ಮಾತು ಮಾತ್ರ ಅದರಲ್ಲಿ ಕಾಣಲಿಲ್ಲ. ಅದಕ್ಕಾಗಿ ಯಾರೂ ಹೋರಾಡಿದ್ದನ್ನು ನಾನು ಕೇಳಿಲ್ಲ. ಅಳೆಯಲಾಗದ್ದು ದಫ್ತರಿನಲ್ಲಿ ಬಹಳ ದಿನ ಉಳಿಯುವದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ 'ನೀಲಿ ಬಾವುಟ'ದ ಮನ್ನಣೆ ದೊರೆತಾಗ ನಾವೆಲ್ಲ ಸಂತೋಷಪಟ್ಟೆವು. ಅದಕ್ಕೆ 33 ಒರೆಗಲ್ಲುಗಳಂತೆ: ನೀರು ಸ್ವಚ್ಛವೆ, ಕಸದ ಬುಟ್ಟಿ ಇದೆಯೆ, ಶೌಚಾಲಯವಿದೆಯೆ, ಮುಳುಗುವವರನ್ನು ಎತ್ತುವವರಿದ್ದಾರೆಯೆ. ಎಲ್ಲ ಬೇಕಾದುವೇ. ಆದರೆ ಆ ಪರೀಕ್ಷೆಯಲ್ಲಿ ಸಮುದ್ರವು ಸಮುದ್ರವೆಂದು ಪಡೆದ ಅಂಕವೆಷ್ಟು?

ಈಗ ನಮ್ಮ ಗುಡ್ಡಕ್ಕೆ ಬರೋಣ.

ಗದಗಿನ ಬದಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ನಡುವೆ ಮಲಗಿರುವ ಬೆಟ್ಟಸಾಲಿದು. ಡಂಬಳದ ಕಡೆಯವರಿಗೆ ಹೊತ್ತು ಇದರ ಹಿಂದೆ ಮುಳುಗುತ್ತದೆ. ಶಿರಹಟ್ಟಿಯ ಕಡೆಯವರಿಗೆ ಇದರ ಹಿಂದಿನಿಂದ ಮೂಡುತ್ತದೆ. ಒಂದೇ ಗುಡ್ಡ ಒಬ್ಬರಿಗೆ ಸಂಜೆ, ಇನ್ನೊಬ್ಬರಿಗೆ ಮುಂಜಾವು. ಎಪ್ಪತ್ತು ಗಿರಿ ಸುತ್ತುವ ಬದಲು ಕಪ್ಪತಗಿರಿಯೊಂದನ್ನು ನೋಡು ಎಂದು ನಮ್ಮಲ್ಲಿ ಹಿರಿಯರು ಹೇಳುವದುಂಟು. ಇದನ್ನು ಬರಿ ಗಾದೆಯೆಂದು ತಳ್ಳಿಹಾಕಬಾರದು. ನನ್ನ ದೃಷ್ಟಿಯಲ್ಲಿ ಇದೊಂದು ತೀರ್ಪು. ಯಾರೋ ತಿರುಗಾಡಿ, ತೂಗಿ ನೋಡಿ, ಎಪ್ಪತ್ತಕ್ಕೆ ಒಂದೆಂದು ತಾರತಮ್ಯ ಹೇಳಿದ್ದಾರೆ. ಊರವರು ಅದನ್ನು ಒಪ್ಪಿ ತಲೆಮಾರುಗಳಿಂದ ಬಾಯಿಂದ ಬಾಯಿಗೆ ದಾಟಿಸಿದ್ದಾರೆ. ಚೆಲುವನ್ನು ಅಳೆಯಲಾಗದೆಂದು ಹೇಳುವ ಪಂಡಿತರು ಇದಕ್ಕೆ ಏನೆನ್ನುತ್ತಾರೆ?

ಗುಡ್ಡವನ್ನು ಬೇರೆ ಕಣ್ಣಿನಿಂದ ನೋಡಿದವರೂ ಇದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ರು ಡಂಬಳದ ಗುಡ್ಡಗಳ ಬಂಗಾರದ ಬಂಡೆಗಳ ಕುರಿತು ಬರೆದರು. ಅದಕ್ಕೂ ಮೊದಲು ಜಾಲಗಾರರು ಹಳ್ಳದ ಮರಳನ್ನು ಮರದ ಹರಿವಾಣದಲ್ಲಿ ತೊಳೆದು ಚಿನ್ನದ ಹುಡಿ ಆರಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಂಪನಿಗಳು ಬಂದು ಅಗೆದು, ಲಾಭ ಗಿಟ್ಟದೆ ಹೋದವು. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಈ ಮೂರರ ಹೆಸರು ಅಂದಿನಿಂದ ಗುಡ್ಡದ ಬೆನ್ನು ಬಿಟ್ಟಿಲ್ಲ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೋ ಉಕ್ಕಿನ ಕಾರಖಾನೆ ಬರುವದೆಂದಾಗ ಒಕ್ಕಲಿಗರು ಎದ್ದು ನಿಂತರು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಯೋಜನೆ ಹಿಂದೆ ಸರಿಯಿತು.

ಗುಡ್ಡಕ್ಕೆ ಕಾಯಿದೆಯ ರಕ್ಷಣೆ ಬಂದ ಕಥೆ ಇದಕ್ಕಿಂತಲೂ ವಿಚಿತ್ರವಾದದ್ದು. 2015ರ ಡಿಸೆಂಬರಿನಲ್ಲಿ 17,872 ಹೆಕ್ಟೇರುಗಳನ್ನು 'ಸಂರಕ್ಷಿತ ಮೀಸಲು' ಎಂದು ಸಾರಲಾಯಿತು. 2016ರ ನವೆಂಬರಿನಲ್ಲಿ ಅದೇ ಆದೇಶ ರದ್ದಾಯಿತು. ಹನ್ನೊಂದು ತಿಂಗಳೊಳಗೆ ಗುಡ್ಡದಲ್ಲಿ ಏನು ಕಡಿಮೆಯಾಗಿತ್ತೋ ಯಾರಿಗೂ ತಿಳಿಯದು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಸ್ವಾಮಿಗಳು, ಸಾಹಿತಿಗಳು, ಒಕ್ಕಲಿಗರು, ನಮ್ಮಂಥ ಮಾಸ್ತರರು, ಸಾಲೆಯ ಮಕ್ಕಳು ಎಲ್ಲರೂ ಬಂದು ಕುಳಿತರು. ಏಪ್ರಿಲ್‌ನಲ್ಲಿ ಮೀಸಲು ಮರಳಿ ಬಂದಿತು. ಮುಂದೆ 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಹೋರಾಟದ ಮುಂದಾಳು ಸ್ವಾಮಿಗಳು ಅದನ್ನು ಕಾಣಲು ಉಳಿದಿರಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು.

ಹಾಗಾದರೆ ಎಲ್ಲವೂ ಆಯಿತಲ್ಲ, ಇನ್ನೇನು ತಕರಾರು ಎಂದು ಕೇಳಬಹುದು. ನನ್ನ ತಕರಾರು ಇಷ್ಟೇ: ಗುಡ್ಡ ಉಳಿದದ್ದು ಕತ್ತೆಕಿರುಬ, ತೋಳ, ಚಿರತೆ, ನವಿಲುಗಳ ಹೆಸರಿನಲ್ಲಿ, ಔಷಧಿಯ ಗಿಡಗಳ ಹೆಸರಿನಲ್ಲಿ. 1972ರ ವನ್ಯಜೀವಿ ಕಾಯಿದೆ ಧಾಮವೊಂದನ್ನು ಸಾರುವದಕ್ಕೆ ಪರಿಸರ, ಪ್ರಾಣಿ, ಸಸ್ಯ, ಭೂರೂಪಗಳ ಮಹತ್ವವನ್ನು ಕೇಳುತ್ತದೆ, ನೋಟವನ್ನು ಕೇಳುವದಿಲ್ಲ. ಧರಣಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬನಿಗೆ, "ಅಜ್ಜಾ, ನೀ ಯಾಕ ಬಂದೀಪಾ?" ಎಂದು ಕೇಳಿದ್ದೆ. "ಮುಂಜಾನೆ ಎದ್ದು ಬಾಗಲಾ ತಗದರ ಗುಡ್ಡ ಕಾಣತೈತ್ರಿ. ನಾಳೆ ತಗದಾಗ ಇರದಿದ್ದರ ಹೆಂಗರೀ?" ಎಂದನು. ಅವನಿಗೆ ಕತ್ತೆಕಿರುಬದ ಚಿಂತೆಯಿರಲಿಲ್ಲ. ತನ್ನ ಕುರಿಗಳನ್ನು ನೆನೆದರೆ ಅದರ ಮೇಲೆ ಸಿಟ್ಟೇ ಇದ್ದೀತು. ಅವನು ಕುಳಿತದ್ದು ಒಂದು ನೋಟಕ್ಕಾಗಿ. ಅವನ ಕಾರಣ ಯಾವ ಅಹವಾಲಿನಲ್ಲಿಯೂ ಸೇರಲಿಲ್ಲ. ಅಹವಾಲು ಬರೆದವರಲ್ಲಿ ನಾನೂ ಒಬ್ಬ.

ಮೇಲಾಗಿ ಧಾಮದ ಗಡಿ ಬೇರೆ, ನೋಟದ ಗಡಿ ಬೇರೆ. ಗುಡ್ಡ ಕಾಣುವದು ದೂರದಿಂದ. ಅದು ಎದ್ದು ಕಾಣುವದಕ್ಕೆ ಮುಂದಿನ ಬಯಲು ಬೇಕು. ಬಯಲಿನಲ್ಲಿ ಕಲ್ಲುಗಣಿಯ ಹೊಂಡ ತೆರೆದರೆ, ಜಲ್ಲಿಯ ಯಂತ್ರದ ಬಿಳಿ ಧೂಳು ಮೇಲೆದ್ದರೆ, ಧಾಮದೊಳಗಿನ ಒಂದು ಎಲೆ ಅಲುಗದಿದ್ದರೂ ನೋಟ ಹೋಯಿತು. ಹೊಸಿಲಿನಲ್ಲಿ ನಿಂತವನ ಮುಖಕ್ಕೆ ಗೋಡೆ ಕಟ್ಟಿ, ನಿನ್ನ ಮನೆಯನ್ನು ಮುಟ್ಟಿಲ್ಲವಲ್ಲ ಎಂದಂತೆ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ಇದರ ಜೊತೆಗಿಟ್ಟು ನೋಡಿರಿ. ಮಂಗೋಲಿಯಾ, ಟಿಬೇಟಿನ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಬೀಡುಬಿಡುತ್ತವೆ. ಹಗಲು ನೀರಿನ ಮೇಲೆ, ಕತ್ತಲಾದರೆ ಸುತ್ತಲಿನ ಹೊಲಗಳಲ್ಲಿ. 2024ರ ಜನವರಿಯಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಅದೇ ಸಲ ಸೇರಿದ ಇನ್ನೊಂದು ತಾಣ ಕುಮಟೆಯ ಬಳಿಯ ಅಘನಾಶಿನಿಯ ಅಳಿವೆ. ಅದು ಸುಮಾರು 4,800 ಹೆಕ್ಟೇರು, ನಮ್ಮದು ಐವತ್ತೈದಕ್ಕೂ ಕಡಿಮೆ. ಕಡಲ ಸೆರಗಿಗೂ ನಮ್ಮ ಒಣನಾಡಿನ ಕೆರೆಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದು ಕಂಡು ನನಗಾದ ಹಿಗ್ಗು ಹೇಳತೀರದು. ಆದರೆ ಆ ಪಂಕ್ತಿಗೆ ಕರೆಯ ಬಂದದ್ದು ಹಕ್ಕಿಗಳನ್ನು ಎಣಿಸಬಹುದೆಂಬುದರಿಂದ. ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೊಂದು ಪಾಲು ಒಂದು ತಾಣದಲ್ಲಿ ನಿತ್ಯ ಬಂದು ನಿಂತರೆ ಆ ತಾಣ ಅರ್ಹವೆಂದು ಅಲ್ಲಿ ನಿಯಮವಿದೆ. ಹೆಬ್ಬಾತಿಗೆ ತಲೆಯೆಣಿಕೆಯುಂಟು. ಸಂಜೆ ಆರು ಗಂಟೆಗೆ ಅವೆಲ್ಲ ಒಮ್ಮೆಲೇ ಮೇಲೆದ್ದು ಆಕಾಶದಲ್ಲಿ ಗೆರೆಯೆಳೆಯುವ ಹೊತ್ತಿಗೆ ಏರಿಯ ಮೇಲೆ ನಿಂತವನು ಮಾತು ಬಿಟ್ಟು ಸುಮ್ಮನಾಗುತ್ತಾನಲ್ಲ, ಅದಕ್ಕೆ ಎಣಿಕೆಯಿಲ್ಲ.

ಲೋಕೋಭಿನ್ನರುಚಿಃ, ಒಬ್ಬನಿಗೆ ಚೆಲುವಾದದ್ದು ಇನ್ನೊಬ್ಬನಿಗೆ ಬೋಳುಗುಡ್ಡ. ಇದನ್ನು ಕಾಯಿದೆಗೆ ತಂದರೆ ಗೊಂದಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪ ತೂಕದ್ದೇ. ಅದಕ್ಕಾಗಿ ಈ ವರ್ಷ ನಾನು ಇಪ್ಪತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಭಾನುವಾರ ಡಂಬಳಕ್ಕೆ ಹೋದೆ. ಕೆರೆಯ ಏರಿಯ ಮೇಲೆ ನಿಲ್ಲಿಸಿ, ಕಾಣುವ ಗುಡ್ಡಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುವಿರೆಂದು ಚೀಟಿ ಹಂಚಿದೆ. ಒಬ್ಬ ಮೂರು ಕೊಟ್ಟ, ಒಬ್ಬಳು ಹತ್ತಕ್ಕೆ ಹತ್ತು. ಸಹೋದ್ಯೋಗಿಯ ಮಾತೇ ಗೆದ್ದಿತು. ಆಮೇಲೆ ಅಂಕದ ಚೀಟಿ ಹರಿದುಹಾಕಿ ಬೇರೊಂದು ಪ್ರಶ್ನೆ ಕೇಳಿದೆ: ಇಲ್ಲಿ ಏನನ್ನು ತೆಗೆದರೆ ಇದು ಇದಾಗಿ ಉಳಿಯುವದಿಲ್ಲ? ಉತ್ತರಗಳಲ್ಲಿ ಅಚ್ಚರಿಯ ಒಮ್ಮತವಿದ್ದಿತು. ಗುಡ್ಡದ ನೆತ್ತಿಯ ಮುರಿಯದ ಗೆರೆ ಎಂದು ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರು. ಗುಡ್ಡಕ್ಕೂ ಕೆರೆಗೂ ನಡುವಿನ ಕಟ್ಟಡವಿಲ್ಲದ ಹೊಲ ಎಂದು ಅರ್ಧದಷ್ಟು ಜನ. ಮೂರು ಅಂಕ ಕೊಟ್ಟ ಹುಡುಗನೂ ಅದೇ ಗೆರೆಯನ್ನು ಬರೆದಿದ್ದನು. ಗುಡ್ಡ ಮುಂಡಾಸು ಸುತ್ತಿದರೆ ಅವನ ತಾಯಿ ಒಣಹಾಕಿದ ಜೋಳವನ್ನು ಒಳಗೆ ತರುವಳಂತೆ.

ಆದುದರಿಂದ ಎಷ್ಟು ಚೆಲುವೆಂಬ ಪ್ರಶ್ನೆ ತಪ್ಪು. ಎಲ್ಲಿಂದ ಕಾಣುತ್ತದೆ, ಯಾರ್‍ಯಾರಿಗೆ ಕಾಣುತ್ತದೆ, ಯಾವುದರಿಂದ ಕೆಡುತ್ತದೆ ಎಂಬ ಪ್ರಶ್ನೆಗಳು ಸರಿ. ಇವಕ್ಕೆ ಊರವರೇ ಉತ್ತರ ಹೇಳಬಲ್ಲರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1949ರ ಕಾಯಿದೆಯೊಂದರಿಂದ ಇಂಥ ಪ್ರದೇಶಗಳನ್ನು ಗುರುತಿಸುವ ಪದ್ಧತಿ ಮೊದಲಾಯಿತು. ಮೊದಲು ಗುರುತಿಸಿದ್ದು ವೇಲ್ಸಿನ ಗೋವರ್ ಎಂಬ ಕಡಲ ಚಾಚನ್ನು, 1956ರಲ್ಲಿ. ನಮ್ಮ ಕನ್ನಡನಾಡು ಒಂದಾದ ವರ್ಷವೇ ಅದು. ಅಂಥ ಪ್ರದೇಶದಲ್ಲಿ ಊರುಗಳಿವೆ, ಉಳುಮೆಯಿದೆ, ದನ ಮೇಯುತ್ತವೆ. ಜನರನ್ನು ಹೊರಗೆ ಹಾಕಿಲ್ಲ. ಹೊಸದೇನನ್ನಾದರೂ ಕಟ್ಟುವಾಗ ನೋಟದ ಲೆಕ್ಕವನ್ನೂ ಕೇಳಬೇಕು, ಅಷ್ಟೆ. ಇದು ನನಗೆ ಮೆಚ್ಚಿಕೆಯಾದ ಅಂಶ. ನಮ್ಮಲ್ಲಿ ರಕ್ಷಣೆಯೆಂದರೆ ಬೇಲಿಯೆಂದೇ ಜನ ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ: ಗುಡ್ಡದಲ್ಲಿ ಕುರಿ ಮೇಯಿಸುತ್ತ ಬಂದವರ ಮುಂದೆ ಧಾಮವೆಂಬ ಮಾತೆತ್ತಿದರೆ ಮೊದಲು ಕೇಳುವದು, "ನಮ್ಮ ಕುರಿ ಎಲ್ಲಿಗೆ ಹೊಡೀಬೇಕ್ರಿ?" ಎಂದು.

ಇನ್ನೊಂದು ಕಹಿಯಾದ ಮಾತನ್ನೂ ಮರೆಮಾಚಬಾರದು. ನನ್ನ ತರಗತಿಯಲ್ಲಿ ಕಲ್ಲುಗಣಿಯಲ್ಲಿ ದುಡಿಯುವವರ ಮಕ್ಕಳಿದ್ದಾರೆ. ಆ ಕೂಲಿಯಿಂದಲೇ ಅವರ ಫೀ ಬರುತ್ತದೆ. ನಮ್ಮದು ಮಳೆ ಕೈಕೊಡುವ ನಾಡು. ಎರಡು ವರ್ಷ ಒಕ್ಕಲುತನ ಕೆಟ್ಟರೆ ನೋಟದಿಂದ ಹೊಟ್ಟೆ ತುಂಬದೆಂದು ನನಗೆ ಗೊತ್ತು. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ವಿಷಯದಲ್ಲಂತೂ ನನ್ನ ಮನಸ್ಸೇ ಎರಡಾಗಿದೆ. ಆ ಗೆರೆಯನ್ನು ಮುರಿದವುಗಳಲ್ಲಿ ಅವು ಮೊದಲನೆಯವು. ಆದರೆ ಹೊಗೆಯಿಲ್ಲದ ವಿದ್ಯುತ್ತು ಬೇಕೆಂದು ತರಗತಿಯಲ್ಲಿ ಪಾಠ ಹೇಳುವವನೂ ನಾನೇ, ರಾತ್ರಿ ದೀಪದ ಕೆಳಗೆ ಕುಳಿತು ಇದನ್ನು ಬರೆಯುತ್ತಿರುವವನೂ ನಾನೇ. ಹುಡುಗಿಯೊಬ್ಬಳು ತನ್ನ ಚೀಟಿಯಲ್ಲಿ, ಗಾಳಿ ಕಣ್ಣಿಗೆ ಕಾಣುವದು ಆ ಯಂತ್ರಗಳಿಂದಲೇ, ಅವನ್ನು ತೆಗೆಯಬೇಡಿರಿ ಎಂದು ಬರೆದಿದ್ದಳು. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.

ಆದುದರಿಂದ ನಾನು ಕೇಳುವದು ನಿಷೇಧವನ್ನಲ್ಲ, ಒಂದು ದಾಖಲೆಯನ್ನು. ಹೊಸ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಒಂದು ಸಮಿತಿ ಇರಬೇಕು. ಅದು ಊರಿನ ಗಿಡಮರ, ಪ್ರಾಣಿ, ಬೀಜ, ತಿಳಿವಳಿಕೆಗಳನ್ನು ಜನತಾ ದಾಖಲಾತಿಯಲ್ಲಿ ಬರೆದಿಡಬೇಕು. ಅದೇ ಕಾಯಿದೆಯಲ್ಲಿ ಸ್ಥಳೀಯ ಸಂಸ್ಥೆಗಳನ್ನು ಕೇಳಿ 'ಜೀವವೈವಿಧ್ಯ ಪಾರಂಪರಿಕ ತಾಣ'ವನ್ನು ಸಾರುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ಹಾಗೆ ಉಳಿಯಿತು. ಹುಣಸೆಮರಗಳಿಗೆ ದೊರೆತದ್ದು ಗುಡ್ಡದ ಬುಡದ ಬಯಲಿಗೆ ಏಕೆ ದೊರೆಯಬಾರದು? ಅದಕ್ಕೂ ಮೊದಲು, ಊರಿನ ಯಾವ ಕಟ್ಟೆಯಿಂದ, ಯಾವ ಏರಿಯಿಂದ ಏನು ಕಾಣುತ್ತದೆಂದು ಗ್ರಾಮಸಭೆಯಲ್ಲಿ ಓದಿ ಹೇಳಿ, ಆ ದಾಖಲಾತಿಯಲ್ಲಿ ಬರೆದು, ಠರಾವು ಮಾಡಿಡಲಿ. ಆ ನೋಟವನ್ನು ಮುಚ್ಚುವ ಗಣಿಯಾಗಲಿ ಕಟ್ಟಡವಾಗಲಿ ಬರುವದಾದರೆ ಅದೇ ಗ್ರಾಮಸಭೆಯ ಮುಂದೆ ಬಂದು ಉತ್ತರ ಹೇಳಲಿ. ಊರವರು ಎಲ್ಲವನ್ನೂ ಕೇಳಿ, ತೂಗಿ, ಆಗಲಿ ಎಂದರೆ ಆಗಲಿ. ಆದರೆ ಏನನ್ನು ಕೊಡುತ್ತಿದ್ದೇವೆಂದು ತಿಳಿದು ಕೊಡಲಿ. 2015ರಿಂದ 2017ರವರೆಗೆ ಆದೇಶ ಬಂದು, ಹೋಗಿ, ಮರಳಿ ಬಂದದ್ದನ್ನು ಕಂಡವರಿಗೆ ದಾಖಲೆಯ ಬೆಲೆ ಹೇಳಬೇಕಾಗಿಲ್ಲ.

ಡಂಬಳದ ಏರಿಯ ಮೇಲೆ ಸಂಗ್ರಹಿಸಿದ ಇಪ್ಪತ್ತು ಚೀಟಿಗಳನ್ನೂ, ಕಾರವಾರದಲ್ಲಿ ಪ್ರಶ್ನೆ ಕೇಳಿದ್ದ ಆ ಹುಡುಗ ಆಮೇಲೆ ಬರೆದುಕೊಟ್ಟ ಒಂದು ನಕ್ಷೆಯನ್ನೂ (ಅವನ ಮನೆಯ ಮಾಳಿಗೆಯಿಂದ ಕಾಣುವ ಹಾಗೆ ಪೆನ್ಸಿಲಿನಿಂದ ಗುಡ್ಡದ ಗೆರೆ ತೆಗೆದು, ತಗ್ಗು ಏರುಗಳಿಗೆಲ್ಲ ಅವನ ಅಜ್ಜ ಹೇಳಿದ ಹೆಸರುಗಳನ್ನು ಬರೆದಿದ್ದಾನೆ) ತೆಗೆದುಕೊಂಡು ಗುಡ್ಡದ ಬುಡದ ಒಂದು ಪಂಚಾಯತಿಗೆ ಹೋಗಿದ್ದೆ. ಕಾರಕೂನರು ಸೌಜನ್ಯದಿಂದ ಕುಳ್ಳಿರಿಸಿ ಚಹ ತರಿಸಿದರು. ದಾಖಲಾತಿಯ ಪುಸ್ತಕ ತೆಗೆದು ಹಾಳೆ ಹಾಳೆ ತಿರುವಿದರು. ಬೆಳೆ, ಹಣ್ಣಿನ ಗಿಡ, ಔಷಧಿಯ ಗಿಡ, ದನಕರು, ಕಾಡುಪ್ರಾಣಿ, ಮೀನು ಎಂದು ಅಚ್ಚಿನ ಮನೆಗಳಿದ್ದವು. ಕೊನೆಗೆ ಪೆನ್ನು ಹಿಡಿದು ನನ್ನ ಮುಖ ನೋಡಿ, "ಸರ, ಬರಕೊಳ್ಳಾಕ ನಂದೇನೂ ತಕರಾರಿಲ್ರಿ. ಆದರ ಇದನ್ನ ಯಾವ ಕಾಲಮ್ಮಿನಾಗ ಬರೀಲ್ರಿ?" ಎಂದರು.

ಸದ್ಯಕ್ಕೆ 'ಇತರೆ' ಎಂಬಲ್ಲಿ ಬರೆಯಿರಿ ಎಂದು ಹೇಳಿ ಬಂದಿದ್ದೇನೆ.